ಬೈಗುಳಕ್ಕೆ ಪಳಗಿದ ಕುದುರೆ

ನಮ್ಮ ಚಿಕ್ಕಪ್ಪ ಸವಾರಿ ಶಾಲೆಯಲ್ಲಿ ಕುದುರೆ ಪಳಗಿಸುತ್ತಾರೆ. ಪಳಗಿದ್ದನ್ನು ಮೊದಲು ಹತ್ತಿ ನೋಡುವ ಗ್ರಹಚಾರ ಅಣ್ಣನ ಮಗಳಾದ ನನ್ನದು. ಒಂದೊಂದು ಕುದುರೆಗೆ ಒಂದೊಂದು ಬುದ್ಧಿ ಅನ್ನುವುದು ಅವರ ವಾದ. ಕಂದು ಗಂಡು ಜಂಬದ್ದು, ಹೊಗಳಿಯೇ ಕೆಲಸ ತೆಗೆಯಬೇಕು. ಬಿಳಿಯದು ಮೈಗಳ್ಳ, ಪಾಠ ಉದ್ದವಾದರೆ ನಿಂತಲ್ಲೇ ತೂಕಡಿಸುತ್ತದೆ. ಪುಕ್ಕಲು ಕುದುರೆಯ ಹತ್ತಿರ ಮಾತ್ರ ಚಿಕ್ಕಪ್ಪ ತುಟಿ ಪಿಟಕ್ಕೆನ್ನುವುದಿಲ್ಲ. ಅದಕ್ಕೆ ಸದ್ದು ಆಗದು ಎಂದು ಅವರ ನಂಬಿಕೆ.

ಕಾಡಿಗೆ ಎಂಬ ಕಪ್ಪು ಹೆಣ್ಣು ಕುದುರೆ ಈ ನಂಬಿಕೆಯನ್ನೇ ಒದ್ದು ಕೆಡವಿತು. ಚಿಕ್ಕಪ್ಪ ಸದ್ದಿಲ್ಲದೆ ಹತ್ತಿರ ಹೋದಷ್ಟೂ ಕಳ್ಳ ಬಂದ ಹಾಗೆ ಹಾರುತ್ತಿತ್ತು. ನಾನು ಮಣ್ಣು ಮುಕ್ಕಿದ್ದಕ್ಕೆ ಲೆಕ್ಕವಿಲ್ಲ. ಬೇಸತ್ತ ಮಾಲೀಕರು, "ಭಾನುವಾರ ಬಂದು ನೋಡ್ತೀನಿ. ಒಗ್ಗಿರದಿದ್ರೆ ಮಾರ್ಬಿಡೋಣ" ಅಂದರು. ಕೊಂಡವರು ಹೊಡೆದೇ ದಾರಿಗೆ ತರುತ್ತಾರೆಂದು ಚಿಕ್ಕಪ್ಪನಿಗೆ ಗೊತ್ತು. ಅವರಿಗೆ ಊಟ ಸೇರಲಿಲ್ಲ.

ಮಾರನೇ ಮಧ್ಯಾಹ್ನ ಚಿಕ್ಕಮ್ಮ ಡಬ್ಬಿ ಹಿಡಿದು ಲಾಯಕ್ಕೆ ಬಂದರು. ಬಾಯಿ ಮನೆಯಿಂದಲೇ ಶುರುವಾಗಿತ್ತು. "ಡಬ್ಬಿ ಮರ್ತು ಬರ್ತೀರಲ್ರೀ, ಕುದುರೆಗೆ ಹುಲ್ಲು ಹಾಕೋದು ಒಂದಿನಾನಾದ್ರೂ ಮರ್ತಿದೀರಾ?" ಏರಿಲ್ಲ, ಇಳಿತವಿಲ್ಲ, ನಲ್ಲಿ ಬಿಟ್ಟ ಹಾಗೆ ಒಂದೇ ಧಾರೆ. ಕಾಡಿಗೆ ತಲೆ ತಗ್ಗಿಸಿ ಕಣ್ಣು ಅರೆಮುಚ್ಚಿತು. ಚಿಕ್ಕಪ್ಪ ಸನ್ನೆ ಮಾಡಿದರು, ನಾನು ಹತ್ತಿದೆ. ಬೈಗುಳ ಮುಗಿಯುವವರೆಗೂ ಹಸುವಿನಂತೆ ನಡೆಯಿತು.

"ಮನುಷ್ಯ ಎಲ್ಲಿದಾನೆ ಅಂತ ಇದರ ಕಿವಿಗೆ ಗೊತ್ತಾಗ್ತಿರ್ಬೇಕು ಕಣಮ್ಮಾ. ಸುಮ್ಮನಿರೋರನ್ನ ಕಂಡ್ರೇ ಭಯ" ಅಂದರು ಚಿಕ್ಕಪ್ಪ.

"ಹಾಗಾದ್ರೆ ನೀವೇ ಮಾತಾಡಿ" ಅಂದೆ. ಪಾಪ, ಪ್ರಯತ್ನಪಟ್ಟರು. ಎರಡು ಮಾತಿಗೇ ಸರಕು ಖಾಲಿ.

ಚಿಕ್ಕಮ್ಮನಿಗೋ ತಪ್ಪಿಲ್ಲದೆ ಬೈದು ಅಭ್ಯಾಸವಿಲ್ಲ. ಹೀಗಾಗಿ ಚಿಕ್ಕಪ್ಪ ದಿನಾ ತಪ್ಪು ಮಾಡತೊಡಗಿದರು. ಒದ್ದೆ ಟವೆಲ್ ಹಾಸಿಗೆಯ ಮೇಲೆ, ಕೆಸರು ಬೂಟು ಅಡುಗೆಮನೆಯಲ್ಲಿ. ಚಿಕ್ಕಮ್ಮ ಬಾಯಿ ತೆರೆಯುವಷ್ಟರಲ್ಲಿ, "ಇಲ್ಲಿ ಬೇಡ ಕಣೇ, ಲಾಯಕ್ಕೆ ಬಾ" ಎಂದು ಕರೆತರುತ್ತಿದ್ದರು.

ಭಾನುವಾರ ಮಾಲೀಕರೆದುರು ಚಿಕ್ಕಮ್ಮನಿಗೆ ನಾಚಿಕೆ ಬಂದುಬಿಟ್ಟಿತು. "ಚೆನ್ನಾಗಿದೀರಾ?" ಅಂದವರು ಮತ್ತೆ ಬಾಯಿಯೇ ಬಿಡಲಿಲ್ಲ. ನನ್ನ ಕೆಳಗೆ ಕಾಡಿಗೆಯ ಬೆನ್ನು ಬಿಗಿಯಿತು, ಮುಂಗಾಲು ಎದ್ದಿತು. ಚಿಕ್ಕಪ್ಪ ಕಣ್ಣುಮುಚ್ಚಿ ಕೂಗಿದರು: "ನಿನ್ ತಂಗಿ ಮದುವೆಗೆ ನಾನು ಜ್ವರ ಅಂತ ಬರ್ಲಿಲ್ವಲ್ಲ, ಜ್ವರಾನೇ ಇರ್ಲಿಲ್ಲ ಕಣೇ! ಇಲ್ಲಿ ಕುದುರೆ ಈಯೋದಿತ್ತು!"

"ಮದುವೆ ಊಟ ಬಿಟ್ಟು ಓಡಿಬಂದು ನಿಮ್ಮ ಹಣೆಗೆ ಒದ್ದೆಬಟ್ಟೆ ಹಾಕಿದ್ನಲ್ರೀ!" ಚಿಕ್ಕಮ್ಮನ ನಾಚಿಕೆ ಎಲ್ಲಿ ಹೋಯಿತೋ! ಮಾಲೀಕರು ಎರಡು ಹೆಜ್ಜೆ ಹಿಂದೆ ಸರಿದರು. ಕಾಡಿಗೆ ಮಾತ್ರ ಜೋಗುಳ ಕೇಳಿದ ಹಾಗೆ ಮೈದಾನ ಸುತ್ತಿ ಬಂತು.

"ಇಟ್ಕೊಳ್ಳೋಣ ಬಿಡಿ" ಅಂದರು ಮಾಲೀಕರು.

ಮನೆಗೆ ಬಂದ ಮೇಲೆ ಚಿಕ್ಕಮ್ಮ ಮಾತು ಬಿಟ್ಟರು. ಊಟ ಬಡಿಸುತ್ತಿದ್ದರು, ಒಂದಕ್ಷರವಿಲ್ಲ. ಚಿಕ್ಕಪ್ಪ ಹೆಂಡತಿ ಎಲ್ಲಿದ್ದಾಳೆಂದು ಕೋಣೆ ಕೋಣೆ ಇಣುಕುತ್ತಿದ್ದರು, ಬಾಗಿಲು ಕಿರ್ ಅಂದರೆ ಬೆಚ್ಚುತ್ತಿದ್ದರು. ನನಗೆ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು. ಕೊನೆಗೊಂದು ಸಂಜೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ತಪ್ಪಾಯ್ತು ಕಣೇ. ಏನಾದ್ರೂ ಅನ್ನು. ಈ ಮನೇಲಿ ನಂಗೆ ಭಯ ಆಗತ್ತೆ."

ಚಿಕ್ಕಮ್ಮ ಬಹಳ ಹೊತ್ತು ಅದೇ ಪಾತ್ರೆ ಉಜ್ಜಿದರು. ಆಮೇಲೆ, "ನಿಂತ್ಕೊಂಡು ಏನ್ ನೋಡ್ತೀರಾ? ಹೆಗಲ ಮೇಲಿನ ಧೂಳು ಒದರ್ಕೊಂಡು ಒಳಗೆ ಬನ್ನಿ. ಎಷ್ಟ್ ಸಲ ಹೇಳ್ಬೇಕು ನಿಮ್ಗೆ..." ಎಂದು ಶುರುಮಾಡಿದರು.

ಚಿಕ್ಕಪ್ಪ ಕುರ್ಚಿ ಎಳೆದುಕೊಂಡು ಅಲ್ಲೇ ಕೂತರು.