ಬೀಗರ ಊಟಕ್ಕೆ ಲ್ಯಾಬಿನ ಒಪ್ಪಿಗೆ

ಕೊರೊನಾ ಕಾಲದಲ್ಲಿ ನನ್ನ ಕೆಲಸವೆಲ್ಲ ಚರಂಡಿ ನೀರಿನದು. ಸೋಂಕು ತಗುಲಿದವನಿಗೆ ಕೆಮ್ಮು ಶುರುವಾಗುವ ಮೊದಲೇ ಅವನ ಮನೆಯ ಪಾಯಖಾನೆ ನೀರಿನಲ್ಲಿ ವೈರಸ್ ಕಾಣಿಸಿಕೊಳ್ಳುತ್ತದೆ. ಬೆಳ್ಳಂದೂರಿನ ಹಿಂಬದಿಯಲ್ಲಿ, ಕಟ್ಟಡ ಕೆಲಸದವರ ಶೀಟಿನ ಮನೆಗಳ ಸಾಲಿನಲ್ಲಿ, ಮ್ಯಾನ್‌ಹೋಲ್ ಮುಚ್ಚಳ ತೆಗೆಸಿ, ಹಗ್ಗಕ್ಕೆ ಬಾಟಲಿ ಕಟ್ಟಿ ಇಳಿಸಿ, ತುಂಬಿದ ನೀರನ್ನು ನಮ್ಮ ಲ್ಯಾಬಿಗೆ ಒಯ್ಯುತ್ತಿದ್ದೆ. ರೋಗ ಎಲ್ಲಿ ಏರುತ್ತಿದೆ ಎಂದು ಆಸ್ಪತ್ರೆಗಿಂತ ಮೊದಲು ನಮಗೆ ಗೊತ್ತಾಗುತ್ತಿತ್ತು.

ನಮ್ಮ ಮನೆ ಓನರ್ ಗೌಡರಿಗೆ ಇದೊಂದು ದೊಡ್ಡ ತಮಾಷೆ. ಅವರ ರಾಗಿ ಹೊಲದಲ್ಲಿ ಈಗ ಗಾಜಿನ ಆಫೀಸುಗಳಿವೆ. ಉಳಿದ ಚೂರು ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು, ಅದರಲ್ಲಿ ಮೇಲಿನದು ನನ್ನದು. "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನಿನ್ನ ಕೈ ನೋಡಿದ್ರೆ ಮೊಸರೇ ಬ್ಯಾಡ ಅನ್ಸುತ್ತೆ ಕಣವ್ವ" ಎಂದು ಕಾಡುತ್ತಿದ್ದರು. ಆದರೂ ನಾನು ಬರುವುದನ್ನು ಕಾದು, "ಏನಂತದೆ ನಿನ್ನ ಮೋರಿ?" ಎಂದು ಕೇಳದೆ ಬಿಡುತ್ತಿರಲಿಲ್ಲ. ಮೋರಿ ಏರಿದೆ, ನೀರಿನಲ್ಲಿ ವೈರಸ್ ಹೆಚ್ಚಿದೆ ಎಂದರೆ ಆ ವಾರ ಸಂತೆಗೂ ಹೋಗುತ್ತಿರಲಿಲ್ಲ. ನನ್ನ ವಿದ್ಯೆಯನ್ನು ಅಷ್ಟು ನಂಬಿದವರು ನನ್ನ ತವರಿನಲ್ಲೂ ಇಲ್ಲ.

ಮೊದಲ ಅಲೆ ಇಳಿದು ಜನ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡಿದ್ದಾಗ ಗೌಡರ ಮಗನ ಮದುವೆ ಗೊತ್ತಾಯಿತು. ಧಾರೆಯನ್ನು ದೇವಸ್ಥಾನದಲ್ಲಿ ನಾಲ್ಕು ಜನರ ಮುಂದೆ ಮುಗಿಸಿದರು. ಬೀಗರ ಊಟ ಉಳಿಯಿತು. ನಮ್ಮ ಕಡೆ ಮದುವೆಗೆ ಕರೆಯದಿದ್ದರೆ ಜನ ಮರೆತಾರು, ಆ ಬಾಡೂಟಕ್ಕೆ ಕರೆಯದಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ.

ಅದೇ ಹೊತ್ತಿಗೆ ನಮ್ಮ ಭಾಗದಲ್ಲಿ ನಾಯಕರೊಬ್ಬರ ಸಮಾವೇಶವೂ ನಿಗದಿಯಾಗಿತ್ತು. ಅದೇ ಹೊತ್ತಿಗೆ ಮೋರಿಯೂ ಏರತೊಡಗಿತು, ನಾನು ಹಿಂದೆಂದೂ ನೋಡಿರದಷ್ಟು. ವರದಿ ಮೇಲಕ್ಕೆ ಹೋಯಿತು. ಮರುದಿನ ನಮ್ಮ ಮುಖ್ಯಸ್ಥರು ನನ್ನ ಮುಖ ನೋಡದೆ ಹೇಳಿದರು.

"ಇನ್ಮೇಲೆ ಸ್ಯಾಂಪಲ್ ಅಲ್ಲಿ ಬೇಡಮ್ಮ. ಅಪಾರ್ಟ್‌ಮೆಂಟ್‌ನವರು ಕೊಳಚೆ ಶುದ್ಧ ಮಾಡಿ ಗಿಡಗಳಿಗೆ ಬಿಡ್ತಾರಲ್ಲ, ಆ ಪೈಪ್ ಹತ್ರ ತಗೊಳ್ಳಿ."

"ಸಾರ್, ಅದು ಕ್ಲೀನ್ ಆಗಿರೋ ನೀರು. ಅದ್ರಲ್ಲಿ ಏನ್ ಸಿಗುತ್ತೆ?"

"ಸಿಗಬಾರ್ದು ಅಂತಾನೇ ಫೋನ್ ಬಂದಿರೋದು."

ಜ್ವರ ಬಂದವನನ್ನು ಬಿಟ್ಟು ಪಕ್ಕದ ಗೋಡೆಗೆ ಥರ್ಮಾಮೀಟರ್ ಒತ್ತಿದ ಹಾಗೆ. ನನ್ನಿಂದ ಆಗದು ಎಂದೆ. ನನ್ನನ್ನು ಸ್ಟೋರ್ ರೂಮಿನ ಕೆಲಸಕ್ಕೆ ಹಾಕಿ ಬೇರೆಯವರನ್ನು ಕಳಿಸಿದರು. ಆ ನೀರಿನಲ್ಲಿ ಏನೂ ಸಿಗಲಿಲ್ಲ. ಮೇಲೆ ನಾಯಕರ ನಗುಮುಖ, ಕೆಳಗೆ ನಮ್ಮ ಲ್ಯಾಬಿನ ಹೆಸರು, ನಡುವೆ 'ನಮ್ಮ ಭಾಗ ಈಗ ಸುರಕ್ಷಿತ' ಎಂಬ ಅಕ್ಷರಗಳು ಎಲ್ಲರ ವಾಟ್ಸ್‌ಆ್ಯಪ್‌ಗೂ ಬಂದವು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

ಸಂಜೆ ಗೌಡರಲ್ಲಿಗೆ ಹೋದೆ. ಅಂಗಳದಲ್ಲಿ ಬಾಡಿಗೆ ಪಾತ್ರೆಗಳು ಆಗಲೇ ಬಂದು ಬಿದ್ದಿದ್ದವು.

"ಗೌಡ್ರೇ, ಊಟ ಮುಂದಕ್ಕೆ ಹಾಕಿ. ಮೋರಿ ಸಿಕ್ಕಾಪಟ್ಟೆ ಏರಿದೆ."

ಅವರು ಫೋನ್ ತೆಗೆದು ತೋರಿಸಿದರು. "ಇದು ನಿಮ್ಮ ಲ್ಯಾಬೇ ತಾನೇ?"

"ಹೌದು. ಆದ್ರೆ ಸುಳ್ಳು. ಬೇರೆ ಕಡೆ ನೀರು ತಗೊಂಡಿದ್ದಾರೆ."

"ಮನುಸ್ರು ಸುಳ್ಳು ಏಳಬೌದು, ಲ್ಯಾಬ್ ಏಳಲ್ಲ ಅಂತ ನೀನೇ ಅಂದಿದ್ದೆ ಅಲ್ವಾ? ನಿನ್ನ ಸ್ಟೋರಿಗೆ ಆಕವ್ರೆ ಅಂತ ಕ್ವಾಪ ಕಣವ್ವ ನಿಂಗೆ. ಓಗಲಿ ಬಿಡು, ಮೂಳೆ ಸಾರು ಕುಡಿ, ಸರಿಯೋಗ್ತದೆ."

ಗೌಡತಿಗೂ ಹೇಳಿದೆ, ಮದುಮಗನಿಗೂ ಹೇಳಿದೆ. ನನ್ನ ಬಾಯಿಮಾತು ಒಂದು ಕಡೆ, ನನ್ನದೇ ಲ್ಯಾಬ್ ಇನ್ನೊಂದು ಕಡೆ. ಯಾರು ತಾನೇ ನನ್ನನ್ನು ನಂಬುತ್ತಿದ್ದರು?

ಊಟ ಭರ್ಜರಿಯಾಗಿ ನಡೆಯಿತು. ನಾನು ಇಳಿದು ಹೋಗಲಿಲ್ಲ. ಗೌಡತಿ ಮುದ್ದೆ, ಸಾರು ತಂದು ಬಾಗಿಲಲ್ಲಿಟ್ಟು, "ಮುನಿಸ್ಕೋಬ್ಯಾಡ ಅಂತ ಏಳವ್ರೆ" ಎಂದರು. ತಿನ್ನಲಾಗಲಿಲ್ಲ.

ಮುಂದಿನದನ್ನು ಬರೆಯಲು ಈಗಲೂ ಕೈ ಬರುವುದಿಲ್ಲ. ಊಟ ಮುಗಿದ ವಾರದಲ್ಲೇ ಗೌಡರಿಗೆ ಜ್ವರ ಹಿಡಿಯಿತು. ಬೆಳ್ಳಂದೂರಿನಲ್ಲಾಗಲಿ ಸುತ್ತಮುತ್ತಲಾಗಲಿ ಹಾಸಿಗೆ ಸಿಗದೆ ಅತ್ತಿಬೆಲೆಯ ಆಚೆಗೆ ಕರೆದೊಯ್ದರು. ಅಲ್ಲಿಂದ ಅವರು ಮನೆಗೆ ಬರಲಿಲ್ಲ. ಸುತ್ತಿಕೊಟ್ಟ ದೇಹವನ್ನು ಮಗ ದೂರ ನಿಂತು ನೋಡಿದ. ಸಮಾವೇಶ ಮುಗಿದ ಮೇಲೆ ಲ್ಯಾಬಿನವರು ಸದ್ದಿಲ್ಲದೆ ಹಳೆಯ ಮ್ಯಾನ್‌ಹೋಲ್‌ಗೆ ಮರಳಿದರು, ಏನೂ ಆಗಿಲ್ಲವೆಂಬಂತೆ. ಆ ಸಿಟ್ಟು ನನಗೆ ಇನ್ನೂ ಆರಿಲ್ಲ.

ಕೆಲವು ತಿಂಗಳ ಮೇಲೆ ಸರ್ಕಾರಿ ಶಾಲೆಯಲ್ಲಿ ಬಸುರಿಯರಿಗೂ ಲಸಿಕೆ ಹಾಕಲು ಶುರುಮಾಡಿದರು. ಗೌಡರ ಸೊಸೆ ಆಗ ಬಸುರಿ. ಬಸುರಿಯರಿಗೆ ಈ ರೋಗ ಬಂದರೆ ಬಹಳ ಕಷ್ಟ ಎಂದು ತಿಳಿದಿದ್ದ ನಾನು ಅತ್ತೆ ಸೊಸೆ ಇಬ್ಬರನ್ನೂ ಕರೆದುಕೊಂಡು ಹೋಗಲು ಬಂದೆ. ಗೌಡತಿ ಸಿಡುಕಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ನೀನು ಅವತ್ತು ಏಳಿದ್ದೇ ನಿಜ ಆಯ್ತು. ಇನ್ಮೇಲೆ ನಿನ್ನ ಮಾತು ಮೀರಲ್ಲ. ಈ ಸೂಜಿ ಔಸದಿನ ನೀನೇ ಪರೀಕ್ಷೆ ಮಾಡಿದ್ಯಾ?"

"ಇಲ್ಲಮ್ಮ. ದೊಡ್ಡ ದೊಡ್ಡ ಲ್ಯಾಬ್‌ನವರು ಮಾಡಿದ್ದಾರೆ."

"ಅವರ್ನ ನೀನು ನೋಡಿದ್ಯಾ?"

ಹೌದು ಎಂದುಬಿಟ್ಟಿದ್ದರೆ ಇಬ್ಬರೂ ಎದ್ದು ಬರುತ್ತಿದ್ದರು. ಇಲ್ಲ ಎಂದೆ.

"ಅಂಗಾದ್ರೆ ಬ್ಯಾಡ ಬಿಡವ್ವ. ಲ್ಯಾಬ್ ನಂಬಿ ಒಂದ್ಸಲ ಕೆಟ್ಟಿದ್ದು ಸಾಕು" ಎಂದು ಎದ್ದು, ಸೊಸೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.