ಸೆರಗಿನದೊಂದು, ಮುಖದ್ದೊಂದು

ಬುರ್ಖಾದ ಮುಸುಕನ್ನು ತಲೆಯ ಮೇಲೆ ಸರಿಸಿ, ಡಬ್ಬಿ ಕ್ಯಾಮೆರಾ ಹೊಟ್ಟೆಗೆ ಒತ್ತಿಕೊಂಡು ಅವರು ಬಗ್ಗಿ ನೋಡುತ್ತಿದ್ದರೆ, ಎಲೆಯಡಿಕೆಯಿಂದ ಕೆಂಪಾದ ನಾಲಿಗೆಯ ತುದಿ ಹಲ್ಲಿನ ಸಂದಿಯಲ್ಲಿ ಕಾಣುತ್ತಿತ್ತು. ನಾಲಿಗೆ ಒಳಗೆ ಹೋಯಿತೆಂದರೆ ಫೋಟೋ ಆಯಿತೆಂದೇ ಅರ್ಥ. ಬೀದರಿನ ಹೆಣ್ಣುಮಕ್ಕಳ ಸಾಲೆಯಲ್ಲಿ ನನಗೆ ಉರ್ದು ಕಲಿಸಿದವರು ಅವರು. ನಾವೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆವು. ಅವರ ತವರು ಭಾಲ್ಕಿ, ನಮ್ಮ ಮನೆಯ ಹಿಂದಿನ ಓಣಿ. ಚಳಿಗಾಲದ ರಜೆಗೆ ಇಬ್ಬರೂ ಒಂದೇ ರೈಲಿನಲ್ಲಿ ಊರಿಗೆ ಬರುತ್ತಿದ್ದೆವು.

ಕ್ಯಾಮೆರಾವನ್ನು ಅವರ ತಮ್ಮ ಹೈದರಾಬಾದಿನಿಂದ ತಂದುಕೊಟ್ಟಿದ್ದ. ನಮ್ಮೂರ ಹೆಂಗಸರು ಗಂಡಸು ಫೋಟೋಗ್ರಾಫರನ ಮುಂದೆ ಕೂಡುವವರಲ್ಲ. ರಜೆ ಬಂತೆಂದರೆ ಆಪಾ ಅವರಿಗೆ ಮನೆಮನೆಯಿಂದ ಕರೆ. "ಫೋಟೋ ತಗೀಬೇಕಂದ್ರ ಥಂಡಿಯಾಗೇ ತಗೀಬೇಕು. ಬ್ಯಾಸಿಗಿ ಬಿಸಿಲಾಗ ಎಲ್ಲಾರ ಮಾರಿನೂ ಜಗಳಾಡಿ ಬಂದ್ಹಂಗ ಕಾಣ್ತದ," ಎನ್ನುತ್ತಿದ್ದರು. ಸಾಲೆಯಲ್ಲಿ ಅಂಗೈಗೆ ಛಡಿ ಕೊಡುವ ಈ ಹೆಂಗಸು ಹೊರಗೆ ಇಷ್ಟು ನಗುತ್ತಾರಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು.

೧೯೪೮ರ ಪೊಲೀಸ್ ಕಾರ್ಯಾಚರಣೆಯ ಹಿಂದಿನ ಚಳಿಗಾಲ ಅಣ್ಣ ಮನೆಯಲ್ಲಿರಲಿಲ್ಲ. ನಿಜಾಮನ ವಿರುದ್ಧ ಹೋರಾಡಲು ಗಡಿ ದಾಟಿ ಸೊಲ್ಲಾಪುರದ ಕಡೆಯ ಕ್ಯಾಂಪು ಸೇರಿದ್ದ. ಅವನು ಹೋದಮೇಲೆ ಮಗಳು ಹುಟ್ಟಿದಳು. ಕೂಸು ಯಾರನ್ನು ಹೋಲುತ್ತದೆ ಎಂದು ಯಾರ ಕೈಯಲ್ಲೋ ಕೇಳಿ ಕಳಿಸಿದ. ತಿರುಗಿ ಬರುತ್ತಾನೋ ಇಲ್ಲವೋ ಎಂಬ ಚಿಂತೆಯಲ್ಲಿ ಅವನ ಹೆಂಡತಿ, ನಮ್ಮ ವೈನಿ, ಅರ್ಧ ರೊಟ್ಟಿಗೇ ಏಳುತ್ತಿದ್ದಳು. ಕೂಸಿನ ಫೋಟೋ ತೆಗೆದುಕೊಡಿರೆಂದು ಅವ್ವ ಹೋಗಿ ಆಪಾ ಅವರನ್ನೇ ಕೇಳಿದಳು. ಆಪಾ ನಿಜಾಮ ಸರಕಾರದ ಪಗಾರ ಉಣ್ಣುವವರು. ತಿಳಿದರೆ ನೌಕರಿ ಹೋಗುವುದಂತೂ ಖರೆ. ಆದರೂ ಕ್ಯಾಮೆರಾ ಕೈಗೆತ್ತಿಕೊಂಡು, "ಯಾರಿಗಿ ಕಳಸ್ತೀರಿ ಅಂತ ನನಗ ಹೇಳಬ್ಯಾಡ್ರಿ ಅಕ್ಕಾರ. ನನಗ ಸುಳ್ಳು ಹೇಳ್ಲಾಕ ಬರಂಗಿಲ್ಲ," ಎಂದರು.

ರೀಲಿನಲ್ಲಿ ಎರಡೇ ಚಿತ್ರ ಉಳಿದಿದ್ದವು. ವೈನಿ ಅಂಗಳದ ಬಿಸಿಲಿನಲ್ಲಿ ಕೂಸನ್ನು ತೊಡೆಯ ಮೇಲಿಟ್ಟು ಕೂತಳು. ಆಪಾ ಬಗ್ಗಿದರು. ಅಷ್ಟರಲ್ಲಿ ಬಾಗಿಲ ಹೊರಗೆ ಅಪ್ಪ ಕೆಮ್ಮಿದರು. ಹೆಣ್ಣುಮಕ್ಕಳಿರುವಲ್ಲಿ ಕೆಮ್ಮಿ ಒಳಬರುವುದು ಅವರ ಮರ್ಯಾದೆ. ಮಾವನ ಕೆಮ್ಮು ಕೇಳಿದೊಡನೆ ಸೆರಗೆಳೆದುಕೊಳ್ಳುವುದು ವೈನಿಯ ಮರ್ಯಾದೆ. ಕ್ಯಾಮೆರಾ ಖಟ್ ಎಂದಿತು. ಬರೀ ಸೆರಗಿನ ಚಿತ್ರ ಬಂತು.

"ಹೋಗಿ ಅಪ್ಪಾರಿಗಿ ಕಟ್ಟಿ ಮ್ಯಾಲ ಕೂಡಸು. ಕೆಮ್ಮು ಬಂದ್ರ ನುಂಗ್ರಿ ಅಂತ ಹೇಳು," ಎಂದು ಆಪಾ ನನ್ನನ್ನು ಅಟ್ಟಿದರು. ಅಪ್ಪ ನಿಜವಾಗಿಯೂ ನುಂಗಿಕೊಂಡು ಕೂತರು. ಒದ್ದಾಡುತ್ತಿದ್ದ ಕೂಸಿಗೆ ಬಿಸಿಲು ತಾಗಿ ನಿದ್ದೆ ಹತ್ತುವ ತನಕ ಆಪಾ ನಿಂತೇ ಇದ್ದರು. ಆಮೇಲೆ ಮೆಲ್ಲಗೆ, "ಡಬ್ಬಿ ಕಡಿ ನೋಡಬ್ಯಾಡ ತಂಗಿ. ಅಂವ ಬಾಗಿಲದಾಗ ಬಂದು ನಿಂತಾನ ಅಂತ ನೋಡು," ಎಂದರು. ಯಾರಿಗೆ ಕಳಿಸುವ ಫೋಟೋ ಎಂಬುದು ತಮಗೆ ಗೊತ್ತಿಲ್ಲವೆಂಬುದನ್ನೇ ಮರೆತಿದ್ದರು. ಆಪಾ ಅವರ ತಮ್ಮ ತೊಳೆಸಿ ತಂದ ಎರಡೂ ಚಿತ್ರಗಳನ್ನು ಅವ್ವ ರೊಟ್ಟಿಯ ಗಂಟಿನಲ್ಲಿಟ್ಟು ಕಳಿಸಿದಳು.

ಮುಂದಿನ ಮಳೆಗಾಲದ ಕೊನೆಗೆ ಹಿಂದೂಸ್ತಾನದ ಫೌಜು ಬಂತು, ಅಣ್ಣನೂ ಬಂದ. ಅಂಗಿಯ ಕಿಸೆಯಲ್ಲಿ ಎರಡೂ ಚಿತ್ರ ಬಟ್ಟೆಯಂತೆ ಮೆತ್ತಗಾಗಿದ್ದವು. ನಮ್ಮ ಮನೆಯಲ್ಲಿ ನಗು. ಹಿಂದಿನ ಓಣಿಯಲ್ಲಿ ಮುಸಲ್ಮಾನರ ಮನೆಗಳ ಮೇಲೆ ಜನ ಏರಿಹೋಗುತ್ತಿದ್ದರು. ಸಾಲೆ ಮುಚ್ಚಿ ನಾನು ಊರಿಗೆ ಬಂದಿದ್ದೆ. ಆಪಾ ಬೀದರಿನಲ್ಲೇ ಇದ್ದರು, ತವರಿನಲ್ಲಿ ಅವರ ತಮ್ಮ ಒಬ್ಬನೇ. ನೋಡಿಬರೋಣ ಎಂದಳು ಅವ್ವ. "ಈಗ ಬ್ಯಾಡ. ನಾಕ ದಿನ ತಡೀರಿ," ಎಂದರು ಅಪ್ಪ. ಅಣ್ಣ ಮಗಳನ್ನು ಎತ್ತಿಕೊಂಡು ಒಳಗೆ ಹೋದ. ನಾಲ್ಕು ದಿನ ತಡೆದೆವು. ಐದನೆಯ ದಿನ ಹೋದರೆ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ.

ಎಷ್ಟೋ ವರ್ಷದ ಮೇಲೆ, ನಾನೇ ಔರಾದಿನಲ್ಲಿ ಸಾಲೆ ಕಲಿಸತೊಡಗಿದಾಗ, ಆಪಾ ಅವರನ್ನು ಹುಡುಕಿಕೊಂಡು ಬೀದರಿಗೆ ಹೋದೆ. ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವರು ಚಹಾ ಕೊಟ್ಟು, "ಆ ಕೂಸಿನ ಫೋಟೋ ಮುಟ್ಟಿತ್ತೇನ ಬೇಟಿ?" ಎಂದರು. ಮುಟ್ಟಿತ್ತು ಎಂದೆ. ಅವರ ಮುಖ ಅರಳಿತು.

"ನನ್ನ ತಮ್ಮಂದು ಒಂದೂ ತಗೀಲಿಲ್ಲ ನೋಡು. ಮನ್ಯಾಗೇ ಇರಾಂವ, ಯಾವಾಗರ ತಗದ್ರಾತು ಅಂದ್ಕೊಂಡೆ." ನನ್ನ ಚಹಾದ ಕಪ್ಪು ಎತ್ತಿಡುತ್ತ ಕೇಳಿದರು: "ಆ ದಿನದಾಗ ನಮ್ಮ ಮನಿ ಕಡಿ ನೀವು ಯಾರರ ಹೋಗಿದ್ರೇನು?"

ಹೋಗಿದ್ದೆವು ಎಂದೆ. ಯಾವಾಗ ಎಂದು ಹೇಳಲಿಲ್ಲ. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ಅಷ್ಟರ ಮಾಡಿದ್ರಲ್ಲ. ಖುದಾ ನಿಮಗ ಚಂದ ಇಡಲಿ," ಎಂದರು.

ಆ ಚಳಿಗಾಲದಲ್ಲೇ ಆಪಾ ತೀರಿಕೊಂಡರು. ನಾಲ್ಕು ದಿನ ತಡೆದವರಿಗೆ ಆ ಆಶೀರ್ವಾದ ಸಲ್ಲುವುದಲ್ಲ ಎಂದು ನಾನು ಇನ್ನು ಯಾರಿಗೆ ಹೇಳಲಿ.