ಸೋದರಮಾವನ ತೊಡೆ

ಅಮೆರಿಕದಲ್ಲಿ ಜಾಮೀನು ಪಡೆದು ತಲೆತಪ್ಪಿಸಿಕೊಂಡವರನ್ನು ಹಿಡಿದು ತರುವುದೇ ಒಂದು ಕಸುಬಂತೆ. ಸೊಂಟಕ್ಕೆ ಪಿಸ್ತೂಲು, ಎದೆಗೆ ಬಿಲ್ಲೆ. ಕುಷ್ಟಗಿ ಕೋರ್ಟಿನ ಮುಂದೆ ಅದೇ ಕಸುಬು ಮಾಡಿದ ನನಗಿದ್ದದ್ದು ಎರಡು ಎಕರೆ ಹೊಲದ ಪಹಣಿ ಮತ್ತು ನಯವಾದ ಮಾತು. ಗುರುತು ಪರಿಚಯವಿಲ್ಲದವರಿಗೆ ದುಡ್ಡು ಪಡೆದು, ಆ ಪಹಣಿ ಕೊಟ್ಟು ಜಾಮೀನು ನಿಲ್ಲುತ್ತಿದ್ದೆ. ಅದನ್ನೇ ದಂಧೆ ಮಾಡಿಕೊಳ್ಳುವುದು ಕಾನೂನಿಗೆ ಒಪ್ಪದ ಕೆಲಸ, ನನಗೆ ಒಪ್ಪಿತ್ತು. ಯಾರಾದರೂ ಓಡಿಹೋದರೆ ನಾನೇ ಹುಡುಕಿ ಪೊಲೀಸರ ಕೈಗೆ ಕೊಡುತ್ತಿದ್ದೆ. ಓಡುವವನ ಹಿಂದೆ ಓಡುವವನು ದಡ್ಡ. ಅವನ ಬಂಧುಗಳ ಕಟ್ಟೆಯ ಮೇಲೆ ಕೂತು ಚಹಾ ಕುಡಿದರೆ ಸಾಕು.

ಹನುಮಸಾಗರದ ಕಡೆಯ ರೈತನೊಬ್ಬ ಬದುವಿನ ಜಗಳದಲ್ಲಿ ದಾಯಾದಿಯ ಕೈ ಮುರಿದಿದ್ದ. ನನ್ನ ಜಾಮೀನಿನ ಮೇಲೆ ಹೊರಬಂದವನು ಕೋರ್ಟು ಕೊಟ್ಟ ತಾರೀಖಿಗೆ ಬರದೆ ಮಾಯವಾದ. ಅವನನ್ನು ಹಾಜರುಪಡಿಸದಿದ್ದರೆ ಹೊಲ ಜಪ್ತಿ ಎಂದು ನನಗೆ ನೋಟಿಸು ಬಂತು. ಮೈಯೆಲ್ಲ ಉರಿಯಿತು.

ಅವನಿಗಿದ್ದವಳು ತಂಗಿಯೊಬ್ಬಳೇ, ಯಲಬುರ್ಗಾ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಅವಳ ಮಗನಿಗೆ ಮೂರು ತುಂಬುತ್ತ ಬಂದಿದ್ದರೂ ಜವಳ ತೆಗೆಸಿರಲಿಲ್ಲ. ನಾನು ಅವಳ ಮನೆಯ ಕಟ್ಟೆಯ ಮೇಲೆ ಹೋಗಿ ಕೂತಾಗ ಕೂಸಿನ ಕೂದಲು ಕಣ್ಣಿಗೆ ಬೀಳುತ್ತಿತ್ತು. ಹುಲಿಗಿಯಲ್ಲಿ, ಹುಲಿಗೆಮ್ಮ ದೇವಿಯ ಗುಡಿಯ ಹತ್ತಿರ ತೆಗೆಸುವ ಹರಕೆಯಂತೆ. ಮೊದಲ ಕೂದಲು ತೆಗೆಯುವಾಗ ಕೂಸು ಸೋದರಮಾವನ ತೊಡೆಯ ಮೇಲೇ ಕೂರಬೇಕು. ನನಗೆ ದಾರಿ ಕಂಡಿತು.

"ಹಿಂಗ ಹರಕಿ ಇಟ್ಕೊಂಡು ಕುಂತ್ರ ಹುಲಿಗೆಮ್ಮ ಸುಮ್ನ ಬಿಡ್ತಾಳೇನ, ತಂಗಿ? ಕೂಸಿಗೆ ಏನರ ಆದ್ರ?" ಎಂದೆ.

ಅವಳ ಮುಖ ಬಿಳಿಚಿತು. ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಅವಳು ಬಡಿಸಿದ ರೊಟ್ಟಿ ಉಂಡು, ಕೇಸು ರಾಜಿಯಾಗುತ್ತದೆ ಎಂದು ಆಣೆಯನ್ನೂ ಮಾಡಿದೆ.

"ನಮ್ಮಣ್ಣನ್ನ ಜೇಲಿನಿಂದ ಬಿಡಿಸಿದವ್ರು ನೀವು. ನೀವೂ ನನಗ ಅಣ್ಣ ಇದ್ದಂಗ್ರಿ. ಬರೋ ಮಂಗಳವಾರ ಹುಲಿಗಿಗೆ ಕರಸ್ತೀನ್ರಿ" ಎಂದಳು.

ಮಂಗಳವಾರ ಹೊಳೆ ದಂಡೆಯಲ್ಲಿ ಕ್ಷೌರದವನು ಅರ್ಧ ತಲೆ ಬೋಳಿಸುವವರೆಗೆ ಕಾದೆ. ತೊಡೆಯ ಮೇಲೆ ಕೂಸಿದ್ದವನು ಎದ್ದು ಓಡಲಾರ. ಸನ್ನೆ ಮಾಡಿದೆ. ವಾರಂಟು ಹಿಡಿದು ಬಂದ ಪೊಲೀಸರು ಅವನ ರಟ್ಟೆ ಹಿಡಿದರು. ಅವನು ಕೊಸರಾಡಲಿಲ್ಲ; ಕತ್ತಿ ತಾಗೀತೆಂದು ಕೂಸಿನ ತಲೆಗೆ ಅಂಗೈ ಅಡ್ಡ ಇಟ್ಟ. ಆಮೇಲೆ ಅದನ್ನು ತಂಗಿಯ ಕೈಗೆ ಕೊಟ್ಟು ಜೀಪು ಹತ್ತಿದ. ಬೆಣ್ಣೆಯೊಳಗಿನ ಕೂದಲು ತೆಗೆದಷ್ಟು ಸಲೀಸಾಗಿ ಮುಗಿಯಿತು.

ಹೊಲ ಉಳಿಯಿತೆಂದು ಹಿಗ್ಗಿ ಹೊರಟಿದ್ದೆ. ಅವಳು ಅಡ್ಡ ಬಂದಳು. ಬೈಯಲಿಲ್ಲ, ಅಳಲಿಲ್ಲ.

"ಅರ್ಧ ತಲಿ ಬಿಟ್ಟು ಮನಿಗೆ ಹೋಗಾಕ ಬರಂಗಿಲ್ಲ. ಅಣ್ಣ ಅಂದೀನಿ, ನೀವ ಕುಂದರ್ರಿ."

ಸುತ್ತ ಜನ ನಿಂತಿದ್ದರು. ಕೂತೆ. ಕೂಸು ನನ್ನ ಮುಖ ನೋಡಿದ್ದೇ ಕಿರುಚಿ ಒದ್ದಾಡತೊಡಗಿತು. ಇನ್ನೂ ಹೊರಡದ ಜೀಪಿನೊಳಗಿಂದ ಅದರ ಮಾವ ಕೂಗಿದ:

"ಗಟ್ಟಿ ಹಿಡ್ಕೋರಿ ಅಣ್ಣಾರ, ಕತ್ತಿ ತಾಕೀತು!"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನನ್ನು ನಂಬಿಯೇ ಹೇಳಿದ್ದ. ನನ್ನ ಮೇಲೆ ನನಗೇ ಹೇಸಿಕೆಯಾಯಿತು. ಕೂದಲು ಪೂರ್ತಿ ಇಳಿಯುವವರೆಗೂ ಕೂಸನ್ನು ಬಿಡದೆ ಹಿಡಿದುಕೊಂಡೆ.